ಹೈಸ್ಕೂಲು ಕುಸ್ತಿಯಲ್ಲಿ ಹುಡುಗನಿಗೆ ಹುಡುಗಿ ಎದುರಾಳಿ: ಮಗನನ್ನು ಮ್ಯಾಟಿಗೆ ಇಳಿಸಬೇಕೇ?

ಹೇಮಾವತಿ ತೀರ (ಪ್ರಶ್ನೆ)

ನಾವು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಊರಿನಲ್ಲಿ ಹನ್ನೊಂದು ವರ್ಷಗಳಿಂದ ನೆಲೆಸಿದ್ದೇವೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಈ ಚಳಿಗಾಲದಲ್ಲಿ ಶಾಲೆಯ ಕುಸ್ತಿ ತಂಡವನ್ನು ಸೇರಿದ್ದು, 113 ಪೌಂಡ್ ವರ್ಗದಲ್ಲಿ ಆಡುತ್ತಿದ್ದಾನೆ. ಮುಂದಿನ ಗುರುವಾರ ನೆರೆಯೂರಿನ ಶಾಲೆಯೊಂದಿಗೆ ಪಂದ್ಯವಿದೆ. ಅವರ ತಂಡದಲ್ಲಿ ಅದೇ ತೂಕಕ್ಕೆ ಆಡುತ್ತಿರುವವಳು ಒಬ್ಬ ಹುಡುಗಿ. ನಮ್ಮ ಕೋಚ್ ಫೋನ್ ಮಾಡಿ, ಮನೆಯವರಿಗೆ ಸಂಕೋಚವಿದ್ದರೆ ಪಂದ್ಯವನ್ನು ಬಿಟ್ಟುಕೊಡಬಹುದೆಂದೂ, ಆದರೆ ಹಾಗೆ ಮಾಡಿದರೆ ಎದುರಾಳಿ ತಂಡಕ್ಕೆ ಕುಳಿತಲ್ಲೇ 6 ಅಂಕ ಸಿಗುತ್ತವೆಂದೂ ತಿಳಿಸಿದರು.

ನನ್ನ ತಾಯಿ ಹಾಸನದಿಂದ ಬಂದು ಆರು ತಿಂಗಳಿನ ಮಟ್ಟಿಗೆ ನಮ್ಮೊಡನಿದ್ದಾರೆ. ವಿಷಯ ಕೇಳಿದ ಕೂಡಲೇ ಅವರು, "ಹೆಣ್ಣುಮಗೂನ ನೆಲಕ್ಕೆ ಒತ್ತಿ ಹಿಡಿಯೋದನ್ನ ಆಟ ಅಂತೀರಾ?" ಎಂದರು. ಮಗನ ಸಂಕಟವೇ ಬೇರೆ. ಗೆದ್ದರೆ ಹುಡುಗಿಯನ್ನು ಗೆದ್ದದ್ದು ದೊಡ್ಡ ವಿಷಯವೇ ಎಂದು ಮೂಗು ಮುರಿಯುವವರೂ, ಸೋತರೆ ವರ್ಷವಿಡೀ ಅದನ್ನೇ ಎತ್ತಿ ಆಡುವವರೂ ಅವನ ತರಗತಿಯಲ್ಲೇ ಇದ್ದಾರಂತೆ. ಅಮ್ಮನ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ; ಹಾಗೆಂದು ಮಗನಿಗೆ ಬೇಡವೆನ್ನಲೂ ಆಗುತ್ತಿಲ್ಲ. ಹೈಸ್ಕೂಲು ಮಟ್ಟದಲ್ಲಿ ಹುಡುಗಿಯರನ್ನು ಹುಡುಗರ ಎದುರು ಆಡಿಸುವುದು ಸರಿಯೇ ಎಂಬುದರ ಬಗ್ಗೆ, ಹಾಗೆಯೇ ಗುರುವಾರ ಅವನು ಏನು ಮಾಡಬೇಕೆಂಬುದರ ಬಗ್ಗೆ ಬಲ್ಲವರು ತಿಳಿಸಬೇಕೆಂದು ವಿನಂತಿ.

ಎರಡು ಜಡೆಯ ಅಮ್ಮ

ಇದೇ ಪ್ರಶ್ನೆಯನ್ನು ಮ್ಯಾಟಿನ ಆಚೆ ಬದಿಯಲ್ಲಿ ಕುಳಿತು ಅನುಭವಿಸಿದವಳು ನಾನು. 2017ರ ಚಳಿಗಾಲದಲ್ಲಿ ನನ್ನ ಮಗಳು 106 ಪೌಂಡ್ ವರ್ಗದಲ್ಲಿ ಆಡತೊಡಗಿದಾಗ ನಮ್ಮ ರಾಜ್ಯದ ಶಾಲೆಗಳಲ್ಲಿ ಹುಡುಗಿಯರಿಗೆ ಪ್ರತ್ಯೇಕ ವಿಭಾಗ ಇರಲಿಲ್ಲ. ಆಡಬೇಕೆಂದರೆ ಹುಡುಗರ ಎದುರೇ ಆಡಬೇಕಿತ್ತು. ಆ ಸೀಸನ್‌ನಲ್ಲಿ ಅವಳ ಹೆಸರಿನ ಮುಂದೆ ದಾಖಲಾದ ಒಂಬತ್ತು ಗೆಲುವುಗಳಲ್ಲಿ ಆರು, ಎದುರಾಳಿ ಮ್ಯಾಟಿಗೇ ಬಾರದೆ ಸಿಕ್ಕವು.

ಅದು ಹೇಗಿರುತ್ತದೆಂದು ಸ್ವಲ್ಪ ವಿವರಿಸುತ್ತೇನೆ. ಬೆಳಗ್ಗೆ ಐದಕ್ಕೆ ಎದ್ದು, ಏನೂ ತಿನ್ನದೆ ತೂಕ ಕೊಟ್ಟು, ಚರ್ಮದ ತಪಾಸಣೆ ಮುಗಿಸಿ, ಎರಡು ಜಡೆಗಳನ್ನು ಬಿಗಿಯಾಗಿ ಹೆಣೆದು ಟೋಪಿಯೊಳಗೆ ತುರುಕಿ, ಅರ್ಧ ಗಂಟೆ ಓಡಿ ಮೈ ಬಿಸಿ ಮಾಡಿಕೊಂಡು ಅವಳು ಮ್ಯಾಟಿನ ನಡುವೆ ಹೋಗಿ ನಿಲ್ಲುತ್ತಾಳೆ. ಎದುರು ಯಾರೂ ಇರುವುದಿಲ್ಲ. ರೆಫರಿ ಅವಳ ಕೈ ಹಿಡಿದು ಮೇಲೆತ್ತುತ್ತಾನೆ, ಎರಡೋ ಮೂರೋ ಜನ ಚಪ್ಪಾಳೆ ತಟ್ಟುತ್ತಾರೆ, ಅವಳು ಬಂದು ಮತ್ತೆ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾಳೆ. ಸೋತ ದಿನಗಳಲ್ಲಿ ಕಾರಿನಲ್ಲಿ ಬರುವಾಗ ಯಾವ ಪಟ್ಟು ಎಲ್ಲಿ ತಪ್ಪಿತೆಂದು ಮಾತು ನಿಲ್ಲುತ್ತಿರಲಿಲ್ಲ. ಹೀಗೆ "ಗೆದ್ದ" ದಿನಗಳಲ್ಲಿ ಮಾತ್ರ ಅವಳು ಕಿಟಕಿಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

2011ರಲ್ಲಿ ಅಯೋವಾ ರಾಜ್ಯ ಕುಸ್ತಿ ಸ್ಪರ್ಧೆಯಲ್ಲಿ ನಡೆದದ್ದು ಇಲ್ಲಿ ಕೆಲವರಿಗೆ ನೆನಪಿರಬಹುದು. ಆ ಸ್ಪರ್ಧೆಯ ಇತಿಹಾಸದಲ್ಲಿ ಮೊದಲ ಸಲ ಇಬ್ಬರು ಹುಡುಗಿಯರು ಅರ್ಹತೆ ಪಡೆದಿದ್ದರು. ಮೊದಲ ಸುತ್ತಿನಲ್ಲಿ ಅವರಲ್ಲೊಬ್ಬಳ ಎದುರು ಬರಬೇಕಿದ್ದ ಹುಡುಗ ಆ ವರ್ಷ 35 ಪಂದ್ಯ ಗೆದ್ದು ಕೇವಲ 4 ಸೋತಿದ್ದವನು; ಹುಡುಗಿಯೊಡನೆ ಹೀಗೆ ಸೆಣಸುವುದು ತನ್ನ ಧಾರ್ಮಿಕ ನಂಬಿಕೆಗೆ ಒಗ್ಗುವುದಿಲ್ಲವೆಂದು ಪಂದ್ಯವನ್ನೇ ಬಿಟ್ಟುಕೊಟ್ಟ. ದೇಶದ ಪತ್ರಿಕೆಗಳೆಲ್ಲ ಅವನ ಆತ್ಮಸಾಕ್ಷಿಯ ಬಗ್ಗೆ ಬರೆದವು. ಅವನ ಪ್ರಾಮಾಣಿಕತೆಯನ್ನು ನಾನೂ ಅನುಮಾನಿಸುವುದಿಲ್ಲ. ಆದರೆ ಅಯೋವಾದಂಥ ಕುಸ್ತಿಯ ನಾಡಿನಲ್ಲಿ, ರಾಜ್ಯ ಸ್ಪರ್ಧೆಯಲ್ಲಿ ಗೆದ್ದ ಮೊದಲ ಹುಡುಗಿ ಎಂಬ ದಾಖಲೆ ಅವಳಿಗೆ ಬಂದದ್ದು ಆಡದೇ ಇದ್ದ ಪಂದ್ಯದಿಂದ. ಮುಂದಿನ ಸುತ್ತಿನಲ್ಲಿ ಅವಳು ಆಡಿ ಸೋತಳು. ಆ ಸೋಲಾದರೂ ಅವಳದೇ ಆಗಿತ್ತಲ್ಲ ಎಂದು ನನಗೆ ಅನ್ನಿಸಿತ್ತು.

ದಯವಿಟ್ಟು ನಿಮ್ಮ ಮಗನನ್ನು ಕಳಿಸಿ, ಹುಡುಗಿಯೆಂದು ಮೆತ್ತಗೆ ಆಡಬಾರದೆಂದೂ ಹೇಳಿ ಕಳಿಸಿ.

ಅರೆಕಾಲಿಕ ಕೋಚ್

ಮೇಲಿನ ಅನುಭವವನ್ನು ಓದಿ ಬೇಸರವಾಯಿತು. ಗುರುವಾರದ ಮಟ್ಟಿಗೆ ನನ್ನ ಸಲಹೆಯೂ ಅದೇ. ಆದರೆ ಪ್ರಶ್ನೆಯ ಮೊದಲ ಭಾಗವನ್ನು ಬರೀ ಭಾವನೆಯಿಂದ ತೀರ್ಮಾನಿಸಲಾಗದು. ನಾನು ಏಳು ವರ್ಷಗಳಿಂದ ಇಲ್ಲಿನ ಶಾಲೆಯೊಂದರಲ್ಲಿ ಸ್ವಯಂಸೇವಕನಾಗಿ ಕುಸ್ತಿ ಕಲಿಸುತ್ತಿದ್ದೇನೆ. ಇಬ್ಬರ ತೂಕವೂ ಒಂದೇ ಆಗಿರುವಾಗ ಅನ್ಯಾಯವೆಲ್ಲಿದೆ ಎಂಬುದು ಪೋಷಕರು ಸಾಮಾನ್ಯವಾಗಿ ಕೇಳುವ ಮಾತು. ಉತ್ತರ ನಮ್ಮ ನಿಯಮದ ಪುಸ್ತಕದಲ್ಲೇ ಅಡಗಿದೆ.

ಸೀಸನ್ ಶುರುವಾಗುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಎಷ್ಟು ಕಡಿಮೆ ತೂಕಕ್ಕೆ ಇಳಿಯಬಹುದೆಂದು ಅಳೆದು ನಿರ್ಧರಿಸುತ್ತೇವೆ. ಆರೋಗ್ಯದ ದೃಷ್ಟಿಯಿಂದ ಹುಡುಗನ ದೇಹದಲ್ಲಿ ಕನಿಷ್ಠ 7 ಶೇಕಡಾ ಕೊಬ್ಬು ಉಳಿದಿರಬೇಕು, ಹುಡುಗಿಯ ದೇಹದಲ್ಲಿ ಕನಿಷ್ಠ 12 ಶೇಕಡಾ. ಈಗ ಇಬ್ಬರೂ ಆ ಕನಿಷ್ಠ ಮಿತಿಯಲ್ಲೇ 113 ಪೌಂಡ್ ತೂಗುತ್ತಾರೆಂದು ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ: ಕೊಬ್ಬನ್ನು ಕಳೆದರೆ ಹುಡುಗನ ಬಳಿ ಸುಮಾರು 105 ಪೌಂಡ್ ಉಳಿಯುತ್ತದೆ, ಹುಡುಗಿಯ ಬಳಿ 99ಕ್ಕಿಂತ ತುಸು ಹೆಚ್ಚು. ತಕ್ಕಡಿ ಒಂದೇ ಅಂಕಿ ತೋರಿಸಿದರೂ ಐದೂವರೆ ಪೌಂಡಿಗಿಂತ ಹೆಚ್ಚಿನ ವ್ಯತ್ಯಾಸ ಒಳಗಿದೆ, ಮತ್ತು 106ರ ವರ್ಗಕ್ಕೂ 113ರ ವರ್ಗಕ್ಕೂ ಇರುವ ಅಂತರವೇ ಏಳು ಪೌಂಡ್. ಇದರ ಮೇಲೆ, ಪ್ರಾಯಕ್ಕೆ ಬಂದ ಹುಡುಗನ ಭುಜ, ತೋಳು, ಹಿಡಿತಗಳಲ್ಲಿ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಮಾಡುವ ಕೆಲಸ ಬೇರೆ. ಕಾಲಿನ ಬಲಕ್ಕಿಂತ ಸೊಂಟದಿಂದ ಮೇಲಿನ ದೇಹದ ಬಲದಲ್ಲಿ ಈ ಅಂತರ ಹೆಚ್ಚು ಕಾಣುತ್ತದೆ, ಮತ್ತು ಎದುರಾಳಿಯ ಕುತ್ತಿಗೆಗೂ ಕೈಗೂ ಹಾಕುವ ಹಿಡಿತದಿಂದಲೇ ಅರ್ಧ ಕುಸ್ತಿ ನಡೆಯುತ್ತದೆ.

ಹುಡುಗರನ್ನು ಸೋಲಿಸಿ ರಾಜ್ಯ ಪ್ರಶಸ್ತಿ ಗೆದ್ದ ಹುಡುಗಿಯರಿಲ್ಲವೇ ಎಂದರೆ, ಇದ್ದಾರೆ. 2006ರಲ್ಲಿ ಅಲಾಸ್ಕದಲ್ಲಿ ಮಿಕೇಲಾ ಹಚಿಸನ್ 103 ಪೌಂಡ್ ವರ್ಗದಲ್ಲಿ ಗೆದ್ದು, ಇಡೀ ದೇಶದಲ್ಲೇ ಆ ಸಾಧನೆ ಮಾಡಿದ ಮೊದಲಿಗಳಾದಳು. 2020ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಹೆವನ್ ಫಿಚ್ 106ರಲ್ಲಿ ಗೆದ್ದಳು. ಇಬ್ಬರೂ ಗೆದ್ದದ್ದು ತೀರಾ ಹಗುರ ವರ್ಗಗಳಲ್ಲಿ ಎಂಬುದನ್ನು ಗಮನಿಸಬೇಕು. ಆ ತೂಕಗಳಲ್ಲಿ ಇನ್ನೂ ಮೀಸೆ ಚಿಗುರದ ಹುಡುಗರೇ ಹೆಚ್ಚಾಗಿ ಸಿಗುತ್ತಾರೆ. 150 ಪೌಂಡಿನ ಹನ್ನೆರಡನೆಯ ತರಗತಿಯ ಹುಡುಗನೆದುರು ಅದೇ ತೂಕದ ಹುಡುಗಿಯನ್ನು ನಿಲ್ಲಿಸಲು ನಾನು ಒಪ್ಪುವುದಿಲ್ಲ. ನಿಮ್ಮ ಮಗನ ವರ್ಗದಲ್ಲಿ, ಅವನ ವಯಸ್ಸಿನಲ್ಲಿ, ಅಷ್ಟು ಕಟ್ಟುನಿಟ್ಟಾಗಿ ಬೇಡವೆನ್ನಲಾರೆ.

ಬೆಳೆಯಬೇಕಾದದ್ದು ಹುಡುಗಿಯರದೇ ಸ್ಪರ್ಧೆ, ಅದು ಬೆಳೆಯುತ್ತಲೂ ಇದೆ. ಹುಡುಗಿಯರಿಗೆ ಪ್ರತ್ಯೇಕ ರಾಜ್ಯ ಚಾಂಪಿಯನ್‌ಷಿಪ್ ಮೊದಲು ಶುರುವಾದದ್ದು ಹವಾಯಿಯಲ್ಲಿ, 1998ರಲ್ಲಿ. ಈಗ ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದು ಅಧಿಕೃತವಾಗಿದೆ. ಮೇಲೆ ಹೇಳಿದ ಅಯೋವಾದಲ್ಲೇ 2022-23ರಿಂದ ನಡೆಯುತ್ತಿದೆ. 2023-24ರಲ್ಲಿ ದೇಶದ ಹೈಸ್ಕೂಲುಗಳಲ್ಲಿ 64 ಸಾವಿರಕ್ಕೂ ಹೆಚ್ಚು ಹುಡುಗಿಯರು ಕುಸ್ತಿ ಆಡಿದ್ದಾರೆ.

ಎರಡು ಜಡೆಯ ಅಮ್ಮ

ಕೋಚ್ ಅವರ ಲೆಕ್ಕ ನನಗೂ ಒಪ್ಪಿಗೆ. ಆದರೆ ಆ 64 ಸಾವಿರ ಹುಡುಗಿಯರು ಎಲ್ಲಿಂದ ಬಂದರು? ಪ್ರತ್ಯೇಕ ವಿಭಾಗ ತೆರೆಯಲು ಸಾಕಷ್ಟು ಹುಡುಗಿಯರಿಲ್ಲ ಎಂದು ನಮಗೆ ನಾಲ್ಕು ವರ್ಷ ಹೇಳುತ್ತಲೇ ಬಂದರು. ಹುಡುಗರ ತಂಡಗಳಲ್ಲಿ ಸೋಲುತ್ತಲೇ ಆಡಿದ ಹುಡುಗಿಯರು ಎಣಿಕೆಗೆ ಸಿಕ್ಕ ಮೇಲೆಯೇ ಆ ವಿಭಾಗಗಳು ತೆರೆದವು. ಮೊದಲೇ ಬಾಗಿಲು ಹಾಕಿದ್ದರೆ ಇಂದಿಗೂ "ಸಾಕಷ್ಟು ಹುಡುಗಿಯರಿಲ್ಲ" ಎಂದೇ ಹೇಳುತ್ತಿದ್ದರು.

ಕಾನೂನು ಓದುಗ

ಸಣ್ಣ ಸೇರ್ಪಡೆ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾಯ್ದೆಯೇ ಈ ಹುಡುಗಿಯರಿಗೆ ದಾರಿ ಮಾಡಿಕೊಟ್ಟಿತೆಂದು ಹಲವರು ನಂಬಿದ್ದಾರೆ. ಅದು ಪೂರ್ತಿ ಸರಿಯಲ್ಲ. ಆ ಕಾಯ್ದೆಯ ನಿಯಮಾವಳಿಯಲ್ಲಿ ಕುಸ್ತಿ, ಬಾಕ್ಸಿಂಗ್, ರಗ್ಬಿಯಂಥ ಮೈಮುಟ್ಟುವ ಆಟಗಳಿಗೆ ವಿನಾಯಿತಿ ಇದೆ. ಅದರ ಬಲದ ಮೇಲೆ ಶಾಲೆಗಳು ಹುಡುಗಿಯರನ್ನು ಹೊರಗಿಡುತ್ತಿದ್ದವು. 1996ರಲ್ಲಿ ಕಾನ್ಸಾಸ್‌ನ, 2014ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಲಯಗಳು ಹುಡುಗಿಯರ ಪರವಾಗಿ ಆದೇಶ ನೀಡಿದ್ದು ಸಂವಿಧಾನದ ಸಮಾನ ರಕ್ಷಣೆಯ ಆಧಾರದ ಮೇಲೆ. ಎಲ್ಲ ಹುಡುಗಿಯರೂ ದುರ್ಬಲರೆಂದು ಭಾವಿಸಿ ಒಬ್ಬಳನ್ನು, ಅವಳ ಸಾಮರ್ಥ್ಯವನ್ನು ಪರೀಕ್ಷಿಸುವ ಮೊದಲೇ ಹೊರಗಿಡಬಾರದೆಂಬುದು ಅಲ್ಲಿನ ವಾದದ ತಿರುಳು.

ಹಳೇ ಗರಡಿ

ನಾನು ಅಮೆರಿಕ ಕಂಡವನಲ್ಲ, ಮೈಸೂರಿನವನು. ಹದಿನಾರರಿಂದ ಇಪ್ಪತ್ತೇಳರವರೆಗೆ ಗರಡಿಯ ಮಟ್ಟಿಯಲ್ಲಿ ಹೊರಳಿದ್ದೇನೆ, ಆಮೇಲೆ ಮಂಡಿ ಕೈಕೊಟ್ಟಿತು. ನೀವೆಲ್ಲ ಪೌಂಡು, ಶೇಕಡಾ, ನ್ಯಾಯಾಲಯ ಎಂದು ಬರೆದದ್ದನ್ನು ಓದುವಾಗ ನನಗೆ ನೆನಪಾದದ್ದು ನಮ್ಮಲ್ಲಿ ದಸರೆಗೆ ಮುಂಚೆ ಜೋಡಿ ಕಟ್ಟುವ ದಿನ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ದಸರಾ ನಾಡಕುಸ್ತಿಗೆ ಕೆಲವು ದಿನ ಮೊದಲು ಪೈಲ್ವಾನರನ್ನೆಲ್ಲ ಸೇರಿಸಿ, ಯಾರಿಗೆ ಯಾರು ಎಂದು ಹಿರಿಯರು ಗೊತ್ತುಮಾಡುತ್ತಾರೆ. ತೂಕ ನೋಡುವುದುಂಟು, ಆದರೆ ಅದೊಂದನ್ನೇ ನೋಡಿ ಜೋಡಿ ಕಟ್ಟಿದರೆ ಕುಸ್ತಿ ಕಲಿಸುವ ವಸ್ತಾದರ ಮಾನ ಹೋದಂತೆ. ನನ್ನ ಮೊದಲ ವರ್ಷ ನನ್ನನ್ನೂ ಇನ್ನೊಬ್ಬನನ್ನೂ ಅಕ್ಕಪಕ್ಕ ನಿಲ್ಲಿಸಿ, ನಮ್ಮ ವಸ್ತಾದರು ಏನೂ ಮಾತಾಡದೆ ಅವನ ಕತ್ತಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಅವನ ಕಿವಿ ನೋಡಿದರು. ವರ್ಷಗಟ್ಟಲೆ ಕುಸ್ತಿ ಹಿಡಿದವರದ್ದರಂತೆ ಕಿವಿ ಮುರಿದು ಗಟ್ಟಿಯಾಗಿತ್ತು. "ಇವನು ನಮ್ಮ ಹುಡುಗನಿಗೆ ಬೇಡ" ಎಂದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. ಇಬ್ಬರ ತೂಕದಲ್ಲೂ ಒಂದು ಕಿಲೋ ಅಂತರವಿರಲಿಲ್ಲ.

ನಮ್ಮ ಗರಡಿಗಳೇನೂ ಹೆಂಗಸರ ವಿಷಯದಲ್ಲಿ ಉದಾರವಾಗಿರಲಿಲ್ಲ. ನಾನು ಆಡುತ್ತಿದ್ದ ಕಾಲದಲ್ಲಿ ಅವರು ಹೊಸ್ತಿಲು ದಾಟುವಂತೆಯೇ ಇರಲಿಲ್ಲ. ಇಂದು ದಸರೆಯಲ್ಲಿ ಹೆಣ್ಣುಮಕ್ಕಳ ಕುಸ್ತಿಗೆ ಜನ ಕಿಕ್ಕಿರಿಯುತ್ತಾರೆ, ಹಳಿಯಾಳ, ಗದಗದ ಕಡೆಯ ಹುಡುಗಿಯರು ಬಂದು ಪಟ್ಟು ಹಾಕಿದರೆ ಶಿಳ್ಳೆ ಬೀಳುತ್ತದೆ. ಆದರೆ ಅವರಿಗೆ ಕಟ್ಟುವುದು ಹೆಣ್ಣುಮಕ್ಕಳ ಜೋಡಿಯನ್ನೇ. ಗಂಡಸರೊಡನೆ ಸೆಣಸಿದ ಹಮೀದಾ ಬಾನು 1954ರಲ್ಲಿ ಬರೋಡಾದಲ್ಲಿ ಬಾಬಾ ಪಹಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದರು. ಇನ್ನೊಂದು ಕಡೆ ಗಂಡಸನ್ನು ಸೋಲಿಸಿದಾಗ ಜನರೇ ಕಲ್ಲು ತೂರಿದರು. ಹರಿಯಾಣದ ಬಲಾಲಿಯಲ್ಲಿ ಮಹಾವೀರ್ ಫೋಗಟ್ ತಮ್ಮ ಹೆಣ್ಣುಮಕ್ಕಳನ್ನು ಹುಡುಗರೊಡನೆ ಸೆಣಸಲು ಬಿಟ್ಟರು. ಊರಿನಲ್ಲಿ ಅವರಿಗೆ ಜೋಡಿಯಾಗಬಲ್ಲ ಬೇರೆ ಹುಡುಗಿಯರೇ ಇರಲಿಲ್ಲ. ಆ ಮಕ್ಕಳಲ್ಲೊಬ್ಬಳಾದ ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಹೆಣ್ಣುಮಕ್ಕಳ 55 ಕಿಲೋ ವಿಭಾಗದಲ್ಲಿ. ಹುಡುಗರ ಜೊತೆಗಿನ ಕುಸ್ತಿ ಅವಳಿಗೆ ಅಭ್ಯಾಸವಾಗಿತ್ತು, ಪದಕಕ್ಕೆ ಬೇರೆಯೇ ಕಣವಿತ್ತು. ನನಗೆ ಸರಿಯೆನಿಸುವ ಕ್ರಮ ಅದೇ: ಅಭ್ಯಾಸದಲ್ಲಿ ಯಾರೊಡನೆ ಯಾರಾದರೂ ಹಿಡಿಯಲಿ, ಪಂದ್ಯದಲ್ಲಿ ಬಲ್ಲವರು ನೋಡಿ ಜೋಡಿ ಕಟ್ಟಲಿ. ಕಂಪ್ಯೂಟರು ಹೆಸರು ಹಾಕಿದ ಮಾತ್ರಕ್ಕೆ ಜೋಡಿ ಆಗುವುದಿಲ್ಲ.

ಪ್ರಶ್ನೆ ಕೇಳಿದವರ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಸಂಕೋಚ ಹಿಡಿತದ ಬಗ್ಗೆ ಎಂದು ನನ್ನ ಊಹೆ. ಕುಸ್ತಿಯಲ್ಲಿ ಎದುರಾಳಿಯ ಮೈ ಮುಟ್ಟುವಾಗ ತಲೆಯಲ್ಲಿ ಮೊಣಕೈ ಎಲ್ಲಿದೆ, ಸೊಂಟ ಎಷ್ಟು ಕೆಳಗಿದೆ ಎಂಬುದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಇದ್ದರೆ ಅವನು ಆಗಲೇ ಚಿತ್ತಾಗಿರುತ್ತಾನೆ. ಕೋಚ್ ಅವರನ್ನು ಒಂದು ಮಾತು ಕೇಳಿ: ಆ ಹುಡುಗಿ ಎಷ್ಟು ವರ್ಷದಿಂದ ಆಡುತ್ತಿದ್ದಾಳೆ? ನಿಮ್ಮ ಹುಡುಗ ಇದೇ ಚಳಿಗಾಲ ಶುರುಮಾಡಿದವನು ತಾನೇ. ನನಗಿರುವ ಚಿಂತೆ ಅವನದ್ದು.

ಹೇಮಾವತಿ ತೀರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹಳೇ ಗರಡಿಯವರ ಮಾತಿನಂತೆ ಕೋಚ್ ಅವರನ್ನು ವಿಚಾರಿಸಿದೆ: ಆ ಹುಡುಗಿ ಆರನೆಯ ತರಗತಿಯಿಂದ ಆಡುತ್ತಿದ್ದಾಳಂತೆ, ಈಗ ಹತ್ತರಲ್ಲಿದ್ದಾಳೆ. ಇದನ್ನು ಕೇಳಿದ ಮೇಲೆ, ಬಿಟ್ಟುಕೊಡುವ ಮಾತನ್ನು ಮಗನೇ ಕೈಬಿಟ್ಟ; ತನಗಿಂತ ಅನುಭವಿಯೊಬ್ಬಳೊಡನೆ ಸೋತರೆ ಅದನ್ನು ಹೇಳಿಕೊಳ್ಳುವುದು ಸುಲಭವೆಂದು ಅವನಿಗೆ ಅನ್ನಿಸಿರಬೇಕು.

ಗುರುವಾರ ಅಮ್ಮನೂ ಸ್ವೆಟರ್ ಹಾಕಿಕೊಂಡು ಬಂದು ಎರಡನೆಯ ಸಾಲಿನಲ್ಲಿ ಕುಳಿತರು. ಮೊದಲ ಎರಡು ನಿಮಿಷ ಇಬ್ಬರೂ ಕೈಗೆ ಕೈ ಕೊಟ್ಟು ತಳ್ಳಾಡಿದರು, ಅಂಕ ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ಮಗ ಅವಳ ಕಾಲನ್ನು ಹಿಡಿದು ಕೆಡವಿದ. ಮೇಲಿದ್ದೇನೆಂದು ಅವನು ಉಸಿರು ಬಿಡುವಷ್ಟರಲ್ಲಿ ಅವಳು ಅವನ ತೋಳನ್ನು ತನ್ನ ಪಕ್ಕೆಗೆ ಸಿಕ್ಕಿಸಿಕೊಂಡು ಉರುಳಿ, ಅವನ ಮೇಲೆ ಬಂದುಬಿಟ್ಟಳು. ಕೊನೆಗೆ 7-5ರಲ್ಲಿ ಮಗ ಗೆದ್ದ. ಬಲವೇ ಗೆಲ್ಲಿಸಿತು, ಕೈಚಳಕ ಅವಳದು ಎಂದು ನನಗೆ ಕಂಡಿತು. ಅರೆಕಾಲಿಕ ಕೋಚ್ ಅವರು ಕೊಟ್ಟ ಲೆಕ್ಕ ಆಗ ನೆನಪಾಯಿತು. ಅಮ್ಮ ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಕೊನೆಯವರೆಗೂ ಕೈ ಜೋಡಿಸಿಕೊಂಡೇ ಕುಳಿತಿದ್ದರು. ಅವರ ಅಭಿಪ್ರಾಯವೇನೂ ಬದಲಾಗಿಲ್ಲ, ಮನೆಗೆ ಬಂದ ಮೇಲೂ ಅದನ್ನೇ ಹೇಳಿದರು.

ನಮ್ಮ ರಾಜ್ಯದಲ್ಲಿ ಸೀಸನ್‌ನ ಕೊನೆಯಲ್ಲಿ ಹುಡುಗಿಯರಿಗೆ ತಮ್ಮದೇ ಸ್ಪರ್ಧೆ ಇದೆ, ಅವಳು ಅಲ್ಲಿಗೆ ಹೋಗುವುದರಿಂದ ಈ ವರ್ಷ ಮತ್ತೆ ನಿನಗೆ ಎದುರಾಗುವುದಿಲ್ಲ ಎಂದು ಕಾರಿನಲ್ಲಿ ಮಗನಿಗೆ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವನು, "ಹಾಗಾದರೆ ಅವಳು ಉರುಳಿದ್ದು ಹೇಗೆ ಅಂತ ಯಾರನ್ನ ಕೇಳೋದು?" ಎಂದ. ಹಳೇ ಗರಡಿಯವರಿಗೆ ಆ ಪಟ್ಟು ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು.