ಅಪ್‌ಡೇಟ್: ಜಿ80.2 ಜೊತೆ ಜಿ81 ಹಾಕಬೇಕೆ?

ನನ್ನ ಪ್ರಶ್ನೆ ಇದಾಗಿತ್ತು: ಸ್ಪಾಸ್ಟಿಕ್ ಹೆಮಿಪ್ಲೆಜಿಕ್ ಸೆರೆಬ್ರಲ್ ಪಾಲ್ಸಿಗೆ (ಮಿದುಳಿನ ತೊಂದರೆಯಿಂದ ದೇಹದ ಒಂದು ಬದಿ ಬಿಗಿಯಾಗುವ ಸ್ಥಿತಿ) ಐಸಿಡಿ-10-ಸಿಎಂನಲ್ಲಿ, ಅಂದರೆ ಅಮೆರಿಕದ ರೋಗ-ಕೋಡ್ ಪಟ್ಟಿಯಲ್ಲಿ, ಅದರದೇ ಕೋಡ್ ಜಿ80.2 ಜೊತೆ ಒಂದು ಬದಿಯ ಬಿಗಿತದ ಪಾರ್ಶ್ವವಾಯುವಿನ ಜಿ81.1 ಗುಂಪಿನ ಕೋಡನ್ನೂ ಸೇರಿಸಬೇಕೆ? ಬೇಡ. ಜಿ81ರಡಿ ಎಕ್ಸ್‌ಕ್ಲೂಡ್ಸ್1 ಸೂಚನೆ ಇದೆ. ಅಂದರೆ ಜನ್ಮಜಾತ ಸೆರೆಬ್ರಲ್ ಪಾಲ್ಸಿಗೆ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ತೊಡಕೆಲ್ಲ ಶುರುವಾಗುವುದು ಜಿ80.2ರಲ್ಲಿ ಎಡ-ಬಲ ಹೇಳಲು ಜಾಗವೇ ಇಲ್ಲದಿರುವುದರಿಂದ. ಆ ಕೊರತೆ ತುಂಬಲು ಜಿ81 ಸೇರಿಸಿದರೆ ವಿಮೆ ಕ್ಲೇಮ್ ವಾಪಸ್ ಬರಬಹುದು. ಯಾವ ಬದಿ, ಬಿಗಿತ ಕೈಗೆ ಹೆಚ್ಚೋ ಕಾಲಿಗೋ, ಜಿಎಂಎಫ್‌ಸಿಎಸ್ (ಚಲನೆಯ ಸಾಮರ್ಥ್ಯ ಹೇಳುವ ಅಳತೆ) ಮಟ್ಟ 1ರಿಂದ 5ರಲ್ಲಿ ಯಾವುದು, ಇವೆಲ್ಲ ವೈದ್ಯರ ಟಿಪ್ಪಣಿಯಲ್ಲೇ ಇರಬೇಕು. ಅಪಸ್ಮಾರವಿದ್ದರೆ ಜಿ40 ಪ್ರತ್ಯೇಕ. ಟಿಪ್ಪಣಿಯಲ್ಲಿ ಬರೀ ‘ಸ್ಪಾಸ್ಟಿಕ್’ ಅಂತಿದ್ದರೆ ಕೋಡ್ ಜಿ80.1ಕ್ಕೆ ಹೋಗುತ್ತದೆ, ಅಂದರೆ ಡೈಪ್ಲೆಜಿಕ್ (ಮುಖ್ಯವಾಗಿ ಎರಡೂ ಕಾಲುಗಳ ಬಿಗಿತ) ಸಾಲಿಗೆ! ಊಹಿಸಬೇಡಿ, ವೈದ್ಯರಿಂದ ಬರಹದಲ್ಲೇ ಸ್ಪಷ್ಟನೆ ಪಡೆಯಿರಿ.