‘ಎಲೆಕ್ಟೋರಲ್ ಕಾಲೇಜ್’, ‘ಪಾಪ್ಯುಲರ್ ವೋಟ್’: ಫಲಕಕ್ಕೆ ಕನ್ನಡ ಪದ ಬೇಕು

ಡೊಂಬಿವಲಿಯಿಂದ

ಮಾನ್ಯರೇ,
ನಮ್ಮ ಸಂಘದ ಚರ್ಚಾಸ್ಪರ್ಧೆಗೆ ಈ ಸಲ ಆಯ್ದುಕೊಂಡಿರುವ ವಿಷಯ, ಅಮೆರಿಕದ ಅಧ್ಯಕ್ಷರನ್ನು ಈಗಿರುವಂತೆ ರಾಜ್ಯಗಳಿಂದ ನೇಮಕವಾಗುವ 538 ಮಂದಿ ಎಲೆಕ್ಟರುಗಳು (ಇವರ ಸಮೂಹವೇ ‘ಎಲೆಕ್ಟೋರಲ್ ಕಾಲೇಜ್’) ಆರಿಸಬೇಕೇ ಅಥವಾ ದೇಶದ ಜನರೇ ಆರಿಸಬೇಕೇ ಎಂಬುದು. ಫಲಕ ಮರಾಠಿ ಮತ್ತು ಕನ್ನಡ ಎರಡರಲ್ಲೂ ಇರಬೇಕಾಗಿದ್ದು, ನಾಳೆ ಸಂಜೆಯೊಳಗೆ ಒಕ್ಕಣೆಯನ್ನು ಮುದ್ರಣಕ್ಕೆ ಕೊಡಬೇಕಾಗಿದೆ. ‘ನಿರ್ವಾಚಕ ಮಂಡಳ ಕೀ ಥೇಟ್ ಜನತಾ?’ ಎಂದು ಮರಾಠಿಯದು ಐದು ನಿಮಿಷದಲ್ಲಿ ಮುಗಿಯಿತು; ಕನ್ನಡದ್ದು ಮೂರು ದಿನದಿಂದ ಎಳೆದಾಡುತ್ತಿದೆ. ‘ಮತದಾರರ ಮಂಡಳಿ’ ಎಂದರೆ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಮತದಾರರೇ ಆದ್ದರಿಂದ ಸ್ಪರ್ಧೆಯ ಎರಡು ಪಕ್ಷಗಳೂ ಒಂದೇ ಆಗಿಬಿಡುತ್ತವೆ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರೂ ಅವರು ಸೋತರಷ್ಟೆ; ‘ಪಾಪ್ಯುಲರ್ ವೋಟ್’ ಎಂಬುದನ್ನು ಕನ್ನಡಿಸಿ ಅವರು ‘ಜನಪ್ರಿಯ ಮತ’ ಗಳಿಸಿದರೆಂದು ಬರೆದರೆ, ಅದು ಜನರು ಹಾಕಿದ ಮತವೋ ಜನ ಮೆಚ್ಚಿದ ಮತವೋ ತಿಳಿಯುವುದಿಲ್ಲ. ತಮ್ಮ ಸಲಹೆಯನ್ನು ಬೇಗ ತಿಳಿಸಬೇಕಾಗಿ ಕೋರಿಕೆ.

ಪುಣೆಯಿಂದ

‘ಜನಪ್ರಿಯ ಮತ’ ಶುದ್ಧ ತಪ್ಪು. ಅದರ ಚರ್ಚೆ ಬೇಡ. ಇನ್ನು ಯಾರಾದರೂ ಎಲೆಕ್ಟರಿಗೆ ‘ಚುನಾಯಕ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಹಿಂದಿಯ ಮುಂಡಕ್ಕೆ ಸಂಸ್ಕೃತದ ಬಾಲ ಕಟ್ಟಿದ ಪದ. ನನ್ನ ಕೆಳಗಿನ ಮಹಡಿಯ ಮರಾಠಿ ಅಜ್ಜಿ ಬೆಳಿಗ್ಗೆ ಬಾಗಿಲ ಬಳಿ ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು, ಬೆರಳ ತುದಿಯಿಂದ ಕಲ್ಲನ್ನು ಅಂಚಿಗೆ ಸರಿಸುತ್ತಾ, ತಾನು ‘ತಾಂದೂಳ್ ನಿವಡತೆ’ ಎನ್ನುತ್ತಾರೆ. ಅದೇ ಕ್ರಿಯಾಪದದಿಂದ ಆ ಭಾಷೆಯವರು ಚುನಾವಣೆಗೆ ‘ನಿವಡಣೂಕ್’ ಎಂದು ಮಾಡಿಕೊಂಡಿದ್ದಾರೆ. ಅಡುಗೆಮನೆಯ ಮಾತು ವಿಧಾನಸಭೆಗೂ ಸಾಕಾಯಿತು. ನಾವಾದರೋ ಅಕ್ಕಿಯನ್ನು ಆರಿಸಿ, ಶಾಸಕರನ್ನು ಮಾತ್ರ ಚುನಾಯಿಸುತ್ತೇವೆ. ‘ಆರಿಸುಗರ ಕೂಟ’ ಎಂದು ಬರೆಯಿರಿ.

ಮಡಗಾವಿನಿಂದ

‘ಆರಿಸುಗ’ ಎಂದರೆ ದೀಪ ಆರಿಸುವವನು. ಹಳಗನ್ನಡದಲ್ಲಿ ನಂದಿಸುವ ‘ಆಱಿಸು’ವಿಗೆ ಶಕಟರೇಫ, ಅಂದರೆ ‘ಱ’ ಅಕ್ಷರವಿತ್ತು, ಅಕ್ಷರ ಹೋಯಿತು, ಗೊಂದಲ ಉಳಿಯಿತು. ಕೊಂಕಣಿಯವರ ‘ವೆಂಚಣೂಕ್’ ಕೂಡ ಹೆಕ್ಕುವ ಕ್ರಿಯೆಯಿಂದಲೇ ಬಂದದ್ದೆಂಬುದನ್ನು ನಾನು ದಿನವೂ ಕೇಳುತ್ತೇನೆ, ಆದರೆ ಅದು ಬಳಕೆಯಿಂದ ಬೆಳೆದ ಮಾತೇ ಹೊರತು ನಾಳೆಯ ಫಲಕಕ್ಕೆಂದು ಹೊಸೆದದ್ದಲ್ಲ.

‘ಕೂಟ’ವಂತೂ ವಸ್ತುಸ್ಥಿತಿಗೇ ವಿರುದ್ಧ. ಅಮೆರಿಕದ ಎಲೆಕ್ಟರುಗಳು ಎಂದೂ ಒಂದೆಡೆ ಕೂಡುವುದಿಲ್ಲ. ಡಿಸೆಂಬರಿನಲ್ಲಿ ತಂತಮ್ಮ ರಾಜ್ಯಗಳಲ್ಲೇ ಸೇರಿ ಮತ ಹಾಕಿ ಚದುರುತ್ತಾರೆ. ಅಲ್ಲಿನ ಸಂವಿಧಾನದಲ್ಲಿ ‘ಎಲೆಕ್ಟರುಗಳು’ ಎಂದಷ್ಟೇ ಇದೆ, ‘ಎಲೆಕ್ಟೋರಲ್ ಕಾಲೇಜ್’ ಎಂಬ ಮಾತೇ ಇಲ್ಲ. ಲ್ಯಾಟಿನ್ನಿನ ‘ಕೊಲ್ಲೇಗಾ’ ಎಂದರೆ ಜೊತೆಯಲ್ಲಿ ನಿಯುಕ್ತನಾದವನು. ಅಂದರೆ ಕಾಲೇಜಿನ ಮೂಲಾರ್ಥದಲ್ಲಿರುವುದು ಸಹನಿಯುಕ್ತಿಯೇ ಹೊರತು ಕೂಡುವಿಕೆಯಲ್ಲ. ಕೂಡದಿದ್ದರೂ ಒಂದೆಂದು ಎಣಿಸಲು ‘ಗಣ’ವೇ ಸರಿ: ‘ಚುನಾಯಕ ಗಣ’. ನಮ್ಮಲ್ಲಿ 2022ರಲ್ಲಿ ರಾಷ್ಟ್ರಪತಿ ಚುನಾವಣೆಯ ಗಣದಲ್ಲಿದ್ದ 4,809 ಮಂದಿಯೂ ಸಂಸದರು ಇಲ್ಲವೇ ಶಾಸಕರು. ಅಮೆರಿಕದಲ್ಲಾದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ಎಲೆಕ್ಟರುಗಳಾಗುವುದನ್ನು ಸಂವಿಧಾನವೇ ನಿಷೇಧಿಸಿದೆ. ಇಷ್ಟು ಭೇದವಿರುವ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಹೆಸರು ನಡೆಯುವಾಗ ಕನ್ನಡದಲ್ಲೂ ನಡೆಯಲಿ.

ಪುಣೆಯಿಂದ, ಮತ್ತೆ

ಲ್ಯಾಟಿನ್ ಬೇಕು, ಕನ್ನಡ ಬೇಡ. ಸಂತೋಷ.

ಮಾಟುಂಗಾದಿಂದ

ಪುಣೆಯ ರಾಯರು ಸಿಟ್ಟಾಗಬಾರದು, ಅವರ ಮರಾಠಿ ಅಜ್ಜಿಯ ಕಡೆಯಿಂದಲೇ ಉಳಿದ ಅರ್ಧಕ್ಕೆ ಉತ್ತರವಿದೆ. ‘ಪಾಪ್ಯುಲರ್ ವೋಟ್’ಗೆ ಒಂದು ನಾಮಪದವನ್ನೇ ಹುಡುಕುವುದರಿಂದ ಈ ತೊಡಕು ಹುಟ್ಟಿದೆ. ‘ಜನಮತ’ ಎಂದರೆ ಜನಾಭಿಪ್ರಾಯ, ಜನಮತಗಣನೆ ಎಂದೆಲ್ಲ ಓದುಗರ ಮನಸ್ಸು ಬೇರೆಡೆಗೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 2017ರಲ್ಲಿ ಸರಪಂಚರನ್ನು, ಅಂದರೆ ಗ್ರಾಮ ಪಂಚಾಯಿತಿಯ ಮುಖ್ಯಸ್ಥರನ್ನು, ಜನರೇ ಆರಿಸುವ ಪದ್ಧತಿ ಬಂದು, 2020ರಲ್ಲಿ ರದ್ದಾಗಿ, 2022ರಲ್ಲಿ ಮರಳಿ ಬಂದಾಗ, ಪ್ರತಿ ಸಲವೂ ಇಲ್ಲಿನ ಮರಾಠಿ ಪತ್ರಿಕೆಗಳು ‘ಥೇಟ್ ಜನತೇತೂನ್’ ಎಂಬೆರಡು ಪದಗಳಲ್ಲಿ ವಿಷಯ ಮುಗಿಸಿದವು. ಪಂಚಾಯಿತಿ ಸದಸ್ಯರು ಆರಿಸಬೇಕೋ ಊರಿನವರು ಆರಿಸಬೇಕೋ ಎಂಬ ಆ ಜಗಳಕ್ಕೂ ತಮ್ಮ ಅಮೆರಿಕದ ಜಗಳಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಕನ್ನಡದಲ್ಲಿ ‘ನೇರವಾಗಿ ಜನರಿಂದ’ ಎಂದರೆ ಅಷ್ಟೇ ಅರ್ಥ ಬರುತ್ತದೆ.

‘ಥೇಟ್’ ಅನ್ನೇ ಕನ್ನಡಕ್ಕೂ ಎಳೆದುಕೊಳ್ಳೋಣವೆಂದು ಮಾತ್ರ ಯಾರೂ ಸೂಚಿಸಬೇಡಿ. ನಮ್ಮಲ್ಲಿ ‘ಥೇಟ್ ಅಪ್ಪನ ಹಾಗೆ’ ಎನ್ನುವಾಗ ಅದು ತದ್ವತ್ ಎಂಬರ್ಥದಲ್ಲಿ ನೆಲೆ ನಿಂತಿದೆ. ಫಲಕದಲ್ಲಿ ‘ಥೇಟ್ ಜನರು’ ಎಂದು ಬರೆದರೆ ಜನರನ್ನು ಹೋಲುವ ಬೇರೆ ಯಾರೋ ಮತ ಹಾಕಿದಂತಾಗುತ್ತದೆ. ಸಾಲ ತಂದ ಪದ ಹೀಗೆ ಹೊಸ ಮನೆಯಲ್ಲಿ ಹೊಸ ಬಾಳು ಕಟ್ಟಿಕೊಳ್ಳುವುದಾದರೆ, ‘ಚುನಾವಣೆ’ಯನ್ನು ಈಗ ಹಿಂದಿಗೆ ಹಿಂದಿರುಗಿಸುವ ಹಟವೇಕೆ?

ಪುಣೆಯಿಂದ, ಕೊನೆಯ ಬಾರಿ

ಸಾಲ ತಂದದ್ದಕ್ಕೆ ಆಕ್ಷೇಪವಿಲ್ಲ, ಮನೆಯ ಪಾತ್ರೆ ಇದ್ದೂ ಸಾಲ ತರುವುದಕ್ಕೆ ಆಕ್ಷೇಪ. ‘ನೇರವಾಗಿ ಜನರಿಂದ’ ಒಪ್ಪಿಗೆ.

ಡೊಂಬಿವಲಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಗಣ’ ಎಂದೊಡನೆ ಸಂಘದ ಹಿರಿಯರೊಬ್ಬರಿಗೆ ಶಿವಗಣಗಳು ನೆನಪಾದುದರಿಂದ ಅದನ್ನು ಬಿಡಬೇಕಾಯಿತು. ‘ಅಮೆರಿಕದ ಅಧ್ಯಕ್ಷರ ಆಯ್ಕೆ: ಚುನಾಯಕರಿಂದಲೋ, ನೇರವಾಗಿ ಜನರಿಂದಲೋ?’ ಎಂಬ ಒಕ್ಕಣೆ ಮುದ್ರಣಕ್ಕೆ ಹೋಗಿದೆ. ‘ಆಯ್ಕೆ’ಯಲ್ಲಿ ಪುಣೆಯವರ ಅಕ್ಕಿಯೂ ಇದೆಯೆಂಬುದನ್ನು ಅವರು ಗಮನಿಸಬೇಕಾಗಿ ವಿನಂತಿ.