ಮೂತ್ರಪಿಂಡದ ಕಾಯಿಲೆ ಇರುವವರಿಗೆ ನಡಿಗೆ ಬೇಕೋ ಬೇಡವೋ? ವೈದ್ಯರು ಬಿಡಿಸಿ ಹೇಳುತ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿಯಿಂದ)

ನನ್ನ ತಂದೆಯವರಿಗೆ 62 ವರ್ಷ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಮೂರನೆಯ ಹಂತದಲ್ಲಿದೆ, ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) 41. ನಾವು ತೋರಿಸುತ್ತಿರುವ ವೈದ್ಯರು ಉಪ್ಪು, ರಕ್ತದೊತ್ತಡ, ಮಾತ್ರೆಗಳ ಬಗ್ಗೆ ವಿವರವಾಗಿ ಹೇಳುತ್ತಾರೆ. ನಡಿಗೆಯ ಬಗ್ಗೆ ಕೇಳಿದಾಗ ಮಾತ್ರ "ಆಯಾಸ ಮಾಡಿಕೊಳ್ಳಬೇಡಿ" ಎಂದಷ್ಟೇ ಅಂದರು. ಆ ಒಂದು ಮಾತನ್ನು ಹಿಡಿದುಕೊಂಡು, ದಿನವೂ ಅಡಿಕೆ ತೋಟಕ್ಕೆ ಇಳಿದು ಹತ್ತುತ್ತಿದ್ದ ಅಪ್ಪ ಈಗ ಜಗಲಿಯ ಕುರ್ಚಿ ಬಿಟ್ಟು ಏಳುತ್ತಿಲ್ಲ. ಮೊನ್ನೆ ಬಚ್ಚಲುಮನೆಯ ಎರಡು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡರು. ವೈದ್ಯರ ಮಾತಿಗೆ ನಡೆಯಲೇಬಾರದು ಎಂದು ಅರ್ಥವೇ?

ಉತ್ತರ 1 (ಸಾಗರದಿಂದ)

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ವೈದ್ಯರು ಬೇಡವೆಂದೂ ಹೇಳಿಲ್ಲ, ಎಷ್ಟು ಬೇಕೆಂದೂ ಹೇಳಿಲ್ಲ. ಮನೆಯವರು ಗೊಂದಲಕ್ಕೆ ಬೀಳುವುದು ಅಲ್ಲಿಯೇ. ವ್ಯಾಯಾಮ ಒಳ್ಳೆಯದೆಂದು ಒಪ್ಪುವ ತಜ್ಞರೂ, ರೋಗಿಗಳ ಸಾಲು ಬಾಗಿಲ ತನಕ ನಿಂತಿರುವಾಗ ಅದನ್ನು ವಿವರಿಸಲು ಸಮಯ ಸಿಗದೆ, ಒಳಗೆಲ್ಲೋ ಹೃದಯದ ತೊಂದರೆ ಇದ್ದೀತೆಂಬ ಅಳುಕಿನಿಂದ, ಮಾತನ್ನು ಮೊಟಕುಗೊಳಿಸುತ್ತಾರೆ. ಈ ಕಾಯಿಲೆಯವರಲ್ಲಿ ಹೃದ್ರೋಗ ಹೆಚ್ಚಾದ್ದರಿಂದ ಆ ಅಳುಕಿಗೆ ಆಧಾರವಿದೆ. ಆದರೆ ನಡಿಗೆ ಬೇಕಾಗಿರುವುದೂ ಅದೇ ಕಾರಣಕ್ಕೆ. ಮೂತ್ರಪಿಂಡದ ಕಾಯಿಲೆಗಳಿಗೆ ಮಾರ್ಗಸೂಚಿ ರೂಪಿಸುವ ಕೆಡಿಗೋ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು, ಅಥವಾ ರೋಗಿಯ ಹೃದಯ ಮತ್ತು ದೇಹ ತಾಳುವಷ್ಟನ್ನು, ಸೂಚಿಸುತ್ತದೆ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ಎಂದರೆ ಅಷ್ಟು. ಕುಳಿತೇ ಇದ್ದವರು ಐದು ನಿಮಿಷದಿಂದ ಶುರು ಮಾಡಲಿ. ರಕ್ತ, ಮೂತ್ರ ಪರೀಕ್ಷೆಯ ಹಿಂದಿನ ದಿನ ಭಾರದ ಕೆಲಸ ಬೇಡ. ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಮತ್ತು ಮೂತ್ರದ ಪ್ರೋಟೀನ್ ತಾತ್ಕಾಲಿಕವಾಗಿ ಏರಿ, ಕಾಯಿಲೆಯೇ ಹೆಚ್ಚಿತೆಂದು ಎಲ್ಲರೂ ಹೆದರುವಂತಾಗುತ್ತದೆ.

ಉತ್ತರ 2 (ಶಿವಮೊಗ್ಗದಿಂದ)

ನಾನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವನು. ಮೊದಲು ನೋಡುತ್ತಿದ್ದ ವೈದ್ಯರು "ವಿಶ್ರಾಂತಿ ತೆಗೆದುಕೊಳ್ಳಿ" ಎಂದದ್ದನ್ನು ಒಂದು ವರ್ಷ ಪಾಲಿಸಿ, ಪಂಚೆಯೊಳಗೆ ನನ್ನ ತೊಡೆಗಳು ಕೋಲಿನಂತಾಗಿದ್ದವು. ಈಗಿನ ವೈದ್ಯರು ಡಯಾಲಿಸಿಸ್‌ನ ಮೊದಲ ಎರಡು ಗಂಟೆಯೊಳಗೆ, ಮಲಗಿದಲ್ಲಿಯೇ ಪೆಡಲ್ ತುಳಿಸುತ್ತಾರೆ. ಆಮೇಲೆ ರಕ್ತದೊತ್ತಡ ಇಳಿಯುವ ಸಂಭವವಿರುವುದರಿಂದ ನಿಲ್ಲಿಸುತ್ತಾರೆ. ಕುರ್ಚಿಯಿಂದ ಕೈಯೂರದೆ ಏಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ನಿಮ್ಮ ತಂದೆಯವರನ್ನು ಈ ಸ್ಥಿತಿಯ ತನಕ ಕೂರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ದಿನಕ್ಕೆ ಎಷ್ಟು ನಿಮಿಷ, ಇಸಿಜಿ ಮೊದಲು ಬೇಕೇ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅಪ್ಪನ ಔಷಧಿ ಚೀಲದಲ್ಲಿ ಇಟ್ಟಿದ್ದೇನೆ. ಮಳೆ ಬಿಡದ ಕಾರಣ ತೋಟಕ್ಕೆ ಇಳಿಯುವಂತಿಲ್ಲ, ದಾರಿ ಜಾರುತ್ತದೆ. ಗುರುವಾರ ವೈದ್ಯರನ್ನು ಕಾಣುವ ತನಕ ಜಗಲಿಯ ಈ ತುದಿಯಿಂದ ಆ ತುದಿಗೆ, ನಿಧಾನವಾಗಿ, ನಾನೂ ಜೊತೆಗೆ ನಡೆಯುತ್ತೇನೆ.